ನೆರೆಯವರಿಗೊಂದು ಆಕಾಶದ ಕಣ್ಣು: ಉಪಗ್ರಹ ಡೇಟಾ ಹಂಚಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಪಗ್ರಹದ ಮಾತು ಬಂದರೆ ಜನ ಮೊದಲು ಕೇಳುವುದು ರಾಕೆಟ್ ಬಗ್ಗೆ. ಹಾರಿದ ಮೇಲೆ ಅದು ಕಳಿಸುವ ಡೇಟಾ ಯಾರ ಕೈಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಆದರೆ ಮಾತು ಒಮ್ಮೆ ಆ ಕಡೆ ತಿರುಗಿದರೆ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಉಪಗ್ರಹ ಡೇಟಾ ಅಂದ್ರೆ ಮೇಲಿಂದ ತೆಗೆದ ಫೋಟೋ, ಅಷ್ಟೇ ತಾನೇ?

ಫೋಟೋ ಅದರಲ್ಲಿ ಒಂದು ಭಾಗ. ಸಮುದ್ರದ ಮೇಲ್ಮೈ ಎಷ್ಟು ಬಿಸಿಯಾಗಿದೆ, ಮಣ್ಣಿನಲ್ಲಿ ತೇವ ಎಷ್ಟಿದೆ, ನದಿಯ ನೀರು ಎಷ್ಟು ಎತ್ತರದಲ್ಲಿದೆ, ನೆಲ ಎಷ್ಟು ಮಿಲಿಮೀಟರ್ ಕುಸಿದಿದೆ, ಇವೆಲ್ಲ ಅಂಕಿಗಳಾಗಿ ಬರುತ್ತವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವುದು ರೇಡಾರ್ ಚಿತ್ರ. ಮಾಮೂಲಿ ಕ್ಯಾಮೆರಾ ಮೋಡ ಕವಿದರೆ ಕುರುಡು. ಪ್ರವಾಹ ಬರುವುದೋ ಮೋಡ ಕವಿದಾಗಲೇ. ರೇಡಾರ್ ಉಪಗ್ರಹ ತಾನೇ ಕೆಳಗೆ ಅಲೆಗಳನ್ನು ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಕತ್ತಲೆ, ಮೋಡ ಎರಡೂ ಅದಕ್ಕೆ ಅಡ್ಡಿಯಲ್ಲ. ನಿಂತ ನೀರು ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಿದ್ದ ಅಲೆ ಆಚೆಗೆ ಚಿಮ್ಮಿ ಹೋಗುತ್ತದೆ, ಉಪಗ್ರಹದ ಕಡೆ ತಿರುಗಿ ಬರುವುದಿಲ್ಲ. ಅದಕ್ಕೇ ಚಿತ್ರದಲ್ಲಿ ನೀರು ಕಡುಕಪ್ಪು. ನೆರೆಗೆ ಮುಂಚಿನ ಚಿತ್ರ, ನೆರೆ ಬಂದ ಮೇಲಿನ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಬೂದು ಬಣ್ಣದಲ್ಲಿದ್ದ ಗದ್ದೆಗಳು ಎರಡನೆಯದರಲ್ಲಿ ಕಪ್ಪಾಗಿರುತ್ತವೆ. ಮರ, ಮನೆಗಳಿರುವ ಎತ್ತರದ ಏರಿ ಬೆಳ್ಳಗಿನ ಗೆರೆಯಂತೆ ಉಳಿದಿರುತ್ತದೆ. ಆ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಗೆ ಲಾರಿ ಕಳಿಸಿ ಪ್ರಯೋಜನವಿಲ್ಲ, ದೋಣಿ ಬೇಕು. ಇಷ್ಟನ್ನು ಓದಲು ಬಂದರೆ ಸಾಕು, ಡೇಟಾ ಹಂಚಿಕೆ ಯಾಕೆ ದೊಡ್ಡ ವಿಷಯ ಅಂತ ಅರ್ಥವಾಗುತ್ತದೆ.

ನಮ್ಮ ನೆಲದ ಚಿತ್ರ ತೆಗೆಯೋಕೆ ಬೇರೆ ದೇಶದವರು ನಮ್ಮನ್ನ ಕೇಳಬೇಕಾಗಿಲ್ವಾ?

ಕೇಳಬೇಕಾಗಿಲ್ಲ. ವಿಮಾನವಾದರೆ ಅನುಮತಿ ಬೇಕು, ಬಾಹ್ಯಾಕಾಶ ಯಾವ ದೇಶದ ಗಡಿಗೂ ಸೇರಿದ್ದಲ್ಲ. ಈ ವಿಷಯಕ್ಕೆ ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ಜಗಳ ನಡೆದಿತ್ತು. ಮುಂಚೆಯೇ ಒಪ್ಪಿಗೆ ಪಡೆಯಬೇಕು ಅಂತ ಹಲವು ಬಡ ದೇಶಗಳು ಪಟ್ಟು ಹಿಡಿದಿದ್ದವು. 1986ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ದೂರಸಂವೇದಿ ತತ್ವಗಳನ್ನು, ಅಂದರೆ ಮೇಲಿಂದ ಭೂಮಿಯನ್ನು ನೋಡುವುದಕ್ಕೆ ಇರಬೇಕಾದ ನೀತಿಗಳನ್ನು, ಒಪ್ಪಿತು. ಒಪ್ಪಿಗೆ ಪಡೆಯಬೇಕೆಂಬ ಮಾತು ಅದರಲ್ಲಿ ಉಳಿಯಲಿಲ್ಲ. ಬದಲಿಗೆ ಇನ್ನೊಂದು ಮಾತು ಸೇರಿತು: ಯಾವ ದೇಶದ ಚಿತ್ರ ತೆಗೆದಿದ್ದಾರೋ ಆ ದೇಶಕ್ಕೆ ಭೇದಭಾವ ಇಲ್ಲದೆ, ಸರಿಯಾದ ಬೆಲೆಗೆ ಆ ಡೇಟಾ ಸಿಗಬೇಕು. ಇದು ಕಾನೂನಿನಷ್ಟು ಬಿಗಿಯಾದ ಕಟ್ಟು ಅಲ್ಲ. ಆದರೂ ಮುಂದೆ ನಡೆದ ಎಲ್ಲ ಹಂಚಿಕೆಯ ಬೇರು ಇಲ್ಲೇ ಇದೆ.

ಅಷ್ಟು ದುಡ್ಡು ಸುರಿದು ಉಪಗ್ರಹ ಹಾರಿಸಿ, ಡೇಟಾನ ಸುಮ್ನೆ ಯಾಕೆ ಕೊಡ್ತಾರೆ?

ಮಾರಿ ನೋಡಿದವರೇ ಕೊನೆಗೆ ಉಚಿತ ಮಾಡಿದ್ದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸರಣಿ 1972ರಲ್ಲಿ ಶುರುವಾಯಿತು. 1980ರ ದಶಕದಲ್ಲಿ ಅದರ ಮಾರಾಟ ಖಾಸಗಿಯವರ ಕೈಗೆ ಹೋಯಿತು, ಒಂದೊಂದು ದೃಶ್ಯಕ್ಕೆ, ಅಂದರೆ ಒಂದು ಸಲಕ್ಕೆ ತೆಗೆದ ಒಂದು ಚಿತ್ರಕ್ಕೆ, ಸಾವಿರಾರು ಡಾಲರ್ ಬೆಲೆ ಬಂತು. ಕೊಳ್ಳುವವರು ಕರಗಿದರು. ಆಮೇಲೆ ಬೆಲೆ ಇಳಿದು 600 ಡಾಲರ್ ಆಸುಪಾಸಿಗೆ ಬಂದರೂ ಬಳಕೆ ಅಷ್ಟಕ್ಕಷ್ಟೇ. ಚೆನ್ನಾಗಿ ಮಾರಾಟವಾದ ವರ್ಷದಲ್ಲೂ ದಿನಕ್ಕೆ ಸರಾಸರಿ 53 ದೃಶ್ಯ. 2008ರಲ್ಲಿ ಇಡೀ ಭಂಡಾರವನ್ನು ಉಚಿತ ಮಾಡಿದರು. ಕೆಲವೇ ವರ್ಷಗಳಲ್ಲಿ ದಿನದ ಲೆಕ್ಕ ಸಾವಿರಗಳಿಗೆ ಏರಿತು.

ಆ ದುಡ್ಡಿನ ಬದಲು ಅಮೆರಿಕಕ್ಕೆ ಸಿಕ್ಕಿದ್ದೇನು? ಜಗತ್ತಿನ ಅರಣ್ಯ ಇಲಾಖೆಗಳು, ಕೃಷಿ ವಿಶ್ವವಿದ್ಯಾಲಯಗಳು ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕಗಳಲ್ಲೇ (ಚಿತ್ರದ ಒಂದು ಚುಕ್ಕೆಗೆ ನೆಲದ ಅಷ್ಟು ಜಾಗ) ಯೋಚಿಸಲು ಕಲಿತವು. ತಂತ್ರಾಂಶ, ಪಾಠ, ಲೆಕ್ಕದ ರೀತಿ ಎಲ್ಲ ಅದರ ಸುತ್ತಲೇ ಬೆಳೆಯಿತು. ಯುರೋಪ್ ಇದನ್ನು ಚೆನ್ನಾಗಿ ಗಮನಿಸಿತ್ತು. 2014ರಿಂದ ಹಾರಿದ ಸೆಂಟಿನೆಲ್ ಉಪಗ್ರಹಗಳ ಡೇಟಾವನ್ನು ಅದು ಮೊದಲಿನಿಂದಲೇ ಎಲ್ಲರಿಗೂ ಉಚಿತವಾಗಿ ಕೊಡುತ್ತಾ ಬಂದಿದೆ.

ಇದೆಲ್ಲ ವಿಜ್ಞಾನಿಗಳ ಕೆಲಸ. ಇದರಲ್ಲಿ ರಾಜತಾಂತ್ರಿಕತೆ ಎಲ್ಲಿ ಬಂತು?

ಕನ್ನಡದಲ್ಲಿ ‘ನೆರೆ’ ಅಂದರೆ ಉಕ್ಕಿ ಬಂದ ನೀರೂ ಹೌದು, ಪಕ್ಕದವರೂ ಹೌದು. ಈ ವಿಷಯದ ತಿರುಳು ಆ ಒಂದು ಪದದಲ್ಲೇ ಇದೆ. ನೀರು, ಗಾಳಿ, ಹೊಗೆ, ಮೀನು ಯಾವುದೂ ಗಡಿ ನೋಡುವುದಿಲ್ಲ. ಮೇಲಿನಿಂದ ನೋಡಬಲ್ಲ ದೇಶ ಒಂದು, ಅದರ ಪಕ್ಕದಲ್ಲಿ ನೋಡಲಾಗದ ದೇಶಗಳು ಹತ್ತು. ನೋಡಬಲ್ಲವರು ಕೊಡುತ್ತಾರಾ, ಯಾವಾಗ, ಯಾವ ಷರತ್ತಿಗೆ? ಇದು ಪೂರ್ತಿ ರಾಜತಾಂತ್ರಿಕ ಪ್ರಶ್ನೆ.

ಸೇತುವೆ ಕಟ್ಟಿಸಿಕೊಟ್ಟರೆ ಒಂದು ದಿನ ಉದ್ಘಾಟನೆ, ಒಂದು ಫಲಕ. ಡೇಟಾ ಹಾಗಲ್ಲ, ದಿನಾ ಬರುತ್ತದೆ. ಒಂದು ದೇಶದ ಹವಾಮಾನ ಅಧಿಕಾರಿ ಬೆಳಗ್ಗೆ ಬಂದ ತಕ್ಷಣ ಯಾರ ಉಪಗ್ರಹದ ಚಿತ್ರ ತೆರೆಯುತ್ತಾರೆ, ಅನುಮಾನ ಬಂದಾಗ ಯಾವ ದೇಶದ ಸಹೋದ್ಯೋಗಿಗೆ ಫೋನ್ ಮಾಡುತ್ತಾರೆ, ಅಲ್ಲಿ ಪ್ರಭಾವ ಬೇರು ಬಿಡುತ್ತದೆ. ಶೃಂಗಸಭೆಯ ಫೋಟೋಗಿಂತ ಈ ದಿನನಿತ್ಯದ ಅಭ್ಯಾಸಕ್ಕೇ ಬೆಲೆ ಜಾಸ್ತಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

## ಯಾರು, ಯಾರಿಗೆ, ಹೇಗೆ

ದೊಡ್ಡ ಭೂಕಂಪ, ಪ್ರವಾಹ ಆದಾಗ ನಿಜವಾಗಿ ಏನು ನಡೆಯುತ್ತೆ? ಯಾರು ಯಾರಿಗೆ ಹೇಳ್ತಾರೆ?

ಇದಕ್ಕೆ ಒಂದು ಅಂತರರಾಷ್ಟ್ರೀಯ ಏರ್ಪಾಡಿದೆ. ‘ಬಾಹ್ಯಾಕಾಶ ಮತ್ತು ದೊಡ್ಡ ವಿಪತ್ತುಗಳ ಅಂತರರಾಷ್ಟ್ರೀಯ ಚಾರ್ಟರ್’ ಅಂತ ಹೆಸರು. 1999ರಲ್ಲಿ ಯುರೋಪಿನ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಗಳು ಸೇರಿ ಪ್ರಸ್ತಾಪ ಮಾಡಿದವು. 2000ದ ನವೆಂಬರ್‌ನಿಂದ ಕೆಲಸ ಶುರು. ಮೊದಲ ಕರೆ ಸ್ಲೊವೇನಿಯಾದ ಒಂದು ಭೂಕುಸಿತಕ್ಕೆ. ಇಸ್ರೊ 2001ರಲ್ಲಿ, ಚೀನಾ 2007ರಲ್ಲಿ ಸೇರಿದವು. ರಷ್ಯಾ, ಜಪಾನ್, ಬ್ರೆಜಿಲ್ ಕೂಡ ಇವೆ.

ನಡೆಯುವುದು ಹೀಗೆ. ವಿಪತ್ತು ಆದ ದೇಶದ ಅಧಿಕೃತ ಸಂಸ್ಥೆ ಒಂದು ಗುಟ್ಟಿನ ಸಂಖ್ಯೆಗೆ ಕರೆ ಮಾಡುತ್ತದೆ. ಇಟಲಿಯ ಫ್ರಾಸ್ಕಾಟಿಯಲ್ಲಿ ದಿನದ 24 ಗಂಟೆಯೂ ಒಬ್ಬರು ಪಾಳಿಯಲ್ಲಿರುತ್ತಾರೆ. ಕರೆ ಮಾಡಿದವರು ನಿಜಕ್ಕೂ ಅಧಿಕೃತರೇ ಅಂತ ಅವರು ನೋಡಿಕೊಳ್ಳುತ್ತಾರೆ. ಅಲ್ಲಿಂದ ವಿಷಯ ಆ ವಾರದ ಸರದಿಯ ತುರ್ತು ಅಧಿಕಾರಿಗೆ ಹೋಗುತ್ತದೆ. ಯಾವ ದೇಶದ ಉಪಗ್ರಹ ಮೊದಲು ಆ ಜಾಗದ ಮೇಲೆ ಹಾದುಹೋಗುತ್ತದೆ, ರೇಡಾರ್ ಬೇಕಾ, ಕ್ಯಾಮೆರಾ ಸಾಕಾ ಅಂತ ಅವರು ಯೋಜನೆ ಹಾಕುತ್ತಾರೆ. ಕೊನೆಗೆ ಇನ್ನೊಬ್ಬರು ಬಂದ ಚಿತ್ರಗಳನ್ನೆಲ್ಲ ಕೂಡಿಸಿ ನಕ್ಷೆ ಮಾಡಿಸಿ ಕಳಿಸುತ್ತಾರೆ. ಯಾರಿಗೂ ಬಿಲ್ ಹೋಗುವುದಿಲ್ಲ.

2015ರ ಏಪ್ರಿಲ್‌ನಲ್ಲಿ ನೇಪಾಳ ಭೂಕಂಪವಾದಾಗ ಈ ದಾರಿಯಲ್ಲೇ ಹಲವು ದೇಶಗಳ ಚಿತ್ರಗಳು ಬಂದವು. ಗಡಿಯಲ್ಲಿ ಜಗಳ ಇರುವ ದೇಶಗಳು ಒಂದೇ ಕಡತಕ್ಕೆ ಚಿತ್ರ ಹಾಕುವ ಜಾಗಗಳು ಜಗತ್ತಿನಲ್ಲಿ ತೀರಾ ಕಡಿಮೆ. ಇದೊಂದು ಅಂಥ ಜಾಗ. ಮೊದಮೊದಲು ಸದಸ್ಯರ ಮೂಲಕವೇ ಕೇಳಬೇಕಿತ್ತು. 2012ರಿಂದ ಯಾವ ದೇಶದ ವಿಪತ್ತು ನಿರ್ವಹಣಾ ಸಂಸ್ಥೆ ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಏಷ್ಯಾಕ್ಕೆ ಅಂತಲೇ ಜಪಾನ್ ಮುಂದಾಳತ್ವದ ‘ಸೆಂಟಿನೆಲ್ ಏಷ್ಯಾ’ ಅನ್ನುವ ಇಂಥದ್ದೇ ಏರ್ಪಾಡು 2006ರಿಂದ ಇದೆ.

ಭಾರತ ‘ದಕ್ಷಿಣ ಏಷ್ಯಾ ಉಪಗ್ರಹ’ ಅಂತ ಹಾರಿಸಿತಲ್ಲ, ಅದು ಇದೇನಾ?

ಅರ್ಧ ಹೌದು. ಅದರ ಇನ್ನೊಂದು ಹೆಸರು ಜಿಸ್ಯಾಟ್-9. ಅದು ಸಂಪರ್ಕ ಉಪಗ್ರಹ, ಭೂಮಿಯ ಚಿತ್ರ ತೆಗೆಯುವುದಲ್ಲ. 2014ರ ಜೂನ್‌ನಲ್ಲಿ ಶ್ರೀಹರಿಕೋಟದಲ್ಲಿ ಪ್ರಧಾನಿ ಮೋದಿ ಸಾರ್ಕ್ ದೇಶಗಳಿಗಾಗಿ ಒಂದು ಉಪಗ್ರಹ ಮಾಡಿ ಅಂತ ವಿಜ್ಞಾನಿಗಳಿಗೆ ಹೇಳಿದರು. 2017ರ ಮೇ 5ರಂದು ಅದು ಹಾರಿತು. ಅಷ್ಟರಲ್ಲಿ ಪಾಕಿಸ್ತಾನ ಹೊರಗುಳಿದಿತ್ತು. ಹಾಗಾಗಿ ಸಾರ್ಕ್ ಹೆಸರು ಬಿಟ್ಟು ದಕ್ಷಿಣ ಏಷ್ಯಾ ಅಂತ ಆಯಿತು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾದ ನಾಯಕರು ಆ ದಿನ ವಿಡಿಯೋದಲ್ಲಿ ಒಟ್ಟಿಗೆ ಕಾಣಿಸಿಕೊಂಡರು. ಉಪಗ್ರಹದಲ್ಲಿ 12 ಟ್ರಾನ್ಸ್‌ಪಾಂಡರ್‌ಗಳಿದ್ದವು, ಅಂದರೆ ನೆಲದಿಂದ ಬಂದ ಸಂಕೇತ ಹಿಡಿದು ವಾಪಸ್ ಕೆಳಗೆ ಕಳಿಸುವ ಉಪಕರಣಗಳು. ಪೂರ್ತಿ ಖರ್ಚು ಭಾರತದ್ದು.

ಆದರೆ ಟ್ರಾನ್ಸ್‌ಪಾಂಡರ್ ಕೊಟ್ಟ ಮಾತ್ರಕ್ಕೆ ಅದು ಬಳಕೆಗೆ ಬರುವುದಿಲ್ಲ. ಆ ಸಂಕೇತ ಹಿಡಿಯಲು ನೆಲದ ಮೇಲೆ ತಕ್ಕ ಭೂಕೇಂದ್ರ ಬೇಕು, ನಡೆಸುವ ಜನ ಬೇಕು. ಅದಕ್ಕೇ ನನಗೆ ಈ ಕಥೆಯ ಎರಡನೇ ಅಧ್ಯಾಯ, ಭೂತಾನದ್ದು, ಹೆಚ್ಚು ಇಷ್ಟ. 2019ರ ಆಗಸ್ಟ್‌ನಲ್ಲಿ ಥಿಂಪುವಿನಲ್ಲಿ ಭೂಕೇಂದ್ರ ಶುರುವಾಯಿತು. ಭೂತಾನದ ಎಂಜಿನಿಯರ್‌ಗಳು ಬೆಂಗಳೂರಿಗೆ ಬಂದು ಉಪಗ್ರಹ ಕಟ್ಟುವುದನ್ನು ಕಲಿತರು. 2022ರ ನವೆಂಬರ್ 26ರಂದು ಎರಡೂ ದೇಶಗಳು ಸೇರಿ ಮಾಡಿದ ಪುಟ್ಟ ಉಪಗ್ರಹ ಪಿಎಸ್ಎಲ್‌ವಿ-ಸಿ54 ರಾಕೆಟ್‌ನಲ್ಲಿ ಹಾರಿತು. ಅದರ ಕ್ಯಾಮೆರಾ ಇಸ್ರೊದ್ದು, ರೇಡಿಯೋ ಉಪಕರಣ ಭೂತಾನದ್ದು. ತಮ್ಮ ಕೈ ತಾಗಿದ ಉಪಗ್ರಹ ಕಳಿಸುವ ಚಿತ್ರವನ್ನು ಅವರು ಓದುವ ರೀತಿಯೇ ಬೇರೆ ಇರುತ್ತದೆ, ಅಲ್ವಾ?

ಚೀನಾ ಈ ವಿಷಯದಲ್ಲಿ ಎಲ್ಲಿದೆ?

ತುಂಬಾ ಮುಂದಿದೆ, ಮತ್ತು ಯೋಜನೆ ಹಾಕಿಕೊಂಡು ನಡೆಯುತ್ತಿದೆ. ಬೀಜಿಂಗ್‌ನಲ್ಲಿ ಕೇಂದ್ರ ಕಚೇರಿ ಇರುವ ಏಷ್ಯಾ-ಪೆಸಿಫಿಕ್ ಬಾಹ್ಯಾಕಾಶ ಸಹಕಾರ ಸಂಘಟನೆ 2008ರಲ್ಲಿ ಕೆಲಸ ಶುರು ಮಾಡಿತು. ಪಾಕಿಸ್ತಾನ, ಬಾಂಗ್ಲಾದೇಶ, ಇರಾನ್, ಮಂಗೋಲಿಯಾ, ಥಾಯ್ಲೆಂಡ್, ದೂರದ ಪೆರು ಕೂಡ ಅದರಲ್ಲಿವೆ. 2018ರಲ್ಲಿ ಹಾರಿದ ಫೆಂಗ್ಯುನ್-2ಎಚ್ ಹವಾಮಾನ ಉಪಗ್ರಹವನ್ನು ಪೂರ್ವ ರೇಖಾಂಶ 79 ಡಿಗ್ರಿಯಲ್ಲಿ, ಅಂದರೆ ಹಿಂದೂ ಮಹಾಸಾಗರದ ನೆತ್ತಿಯ ಮೇಲೆ ನಿಲ್ಲಿಸಿದರು. ತಮ್ಮ ದೇಶವನ್ನಷ್ಟೇ ನೋಡಲು ಅಷ್ಟು ಪಶ್ಚಿಮಕ್ಕೆ ಬರಬೇಕಿಲ್ಲ. ಬೆಲ್ಟ್ ಅಂಡ್ ರೋಡ್ ದೇಶಗಳಿಗೆ, ಅಂದರೆ ಚೀನಾದ ರಸ್ತೆ-ಬಂದರು ಯೋಜನೆಗೆ ಸೇರಿದ ದೇಶಗಳಿಗೆ, ಹವಾಮಾನ ಸೇವೆ ಕೊಡುವುದೇ ಉದ್ದೇಶ. ಚಂಡಮಾರುತ ಬಂದಾಗ ಬೇರೆ ದೇಶಗಳು ಕೇಳಿದರೆ ತುರ್ತಾಗಿ ಆ ಜಾಗವನ್ನು ಪದೇ ಪದೇ ನೋಡುವ ಏರ್ಪಾಡೂ ಅದೇ ವರ್ಷ ಬಂತು.

ಇದಲ್ಲದೆ ಉಪಗ್ರಹವನ್ನೇ ಮಾಡಿ ಕೊಡುವ ದಾರಿ ಇದೆ. 2018ರ ಜುಲೈನಲ್ಲಿ ಪಾಕಿಸ್ತಾನಕ್ಕೆ, 2019ರ ಡಿಸೆಂಬರ್‌ನಲ್ಲಿ ಇಥಿಯೋಪಿಯಾಕ್ಕೆ ಭೂವೀಕ್ಷಣೆಯ ಉಪಗ್ರಹಗಳನ್ನು ಚೀನಾ ಹಾರಿಸಿಕೊಟ್ಟಿತು. ಇದನ್ನೆಲ್ಲ ಬರೀ ಸಂಚು ಅಂತ ತಳ್ಳಿಹಾಕುವುದು ತಪ್ಪು. ಪಡೆದ ದೇಶಕ್ಕೆ ನಿಜವಾದ ಉಪಯೋಗವಿದೆ. ನಾವು ಕೊಡದ್ದನ್ನು ಬೇರೆಯವರು ಕೊಟ್ಟರೆ ದೂರಲು ನಮಗೆ ಹಕ್ಕಿಲ್ಲ.

ಇದು ಬರೀ ದೊಡ್ಡವರ ಆಟವಾ? ಬೇರೆ ದೇಶಗಳು ಈ ದಾರಿ ಹಿಡಿದಿಲ್ವಾ?

ಬ್ರೆಜಿಲ್ ಹಿಡಿದಿದೆ. 1988ರಲ್ಲಿ ಚೀನಾ ಮತ್ತು ಬ್ರೆಜಿಲ್ ಒಟ್ಟಿಗೆ ಉಪಗ್ರಹ ಮಾಡುವ ಒಪ್ಪಂದ ಮಾಡಿಕೊಂಡವು. ಹಾಗೆ ಮಾಡಿದ ಮೊದಲ ಉಪಗ್ರಹ ಸಿಬರ್ಸ್-1 ಹಾರಿದ್ದು 1999ರಲ್ಲಿ. ಮೊದಲು ಖರ್ಚಿನಲ್ಲಿ ಬ್ರೆಜಿಲ್ ಪಾಲು ಶೇ. 30, ಮುಂದೆ ಸಮಪಾಲು. 2004ರಲ್ಲಿ ಬ್ರೆಜಿಲ್ ತನ್ನ ಜನರಿಗೆ ಚಿತ್ರಗಳನ್ನು ಉಚಿತ ಮಾಡಿತು, ಆಮೇಲೆ ನೆರೆಯ ದಕ್ಷಿಣ ಅಮೆರಿಕದ ದೇಶಗಳಿಗೂ ತೆರೆಯಿತು. ಲ್ಯಾಂಡ್‌ಸ್ಯಾಟ್ ಇನ್ನೂ ದುಡ್ಡಿಗೆ ಮಾರಾಟವಾಗುತ್ತಿದ್ದ ಕಾಲ ಅದು! 2007ರಲ್ಲಿ ಕೇಪ್‌ಟೌನ್‌ನಲ್ಲಿ ಆಫ್ರಿಕಾಕ್ಕೂ ಉಚಿತ ಅಂತ ಎರಡೂ ದೇಶಗಳು ಘೋಷಿಸಿದವು. ಅಷ್ಟೇನೂ ಶ್ರೀಮಂತವಲ್ಲದ ದೇಶವೊಂದು ಹೀಗೆ ಕೈ ಬಿಚ್ಚಿ ಕೊಟ್ಟಿದ್ದು ದೊಡ್ಡವರಿಗೂ ಪಾಠವಾಯಿತು ಅಂತ ನನಗನ್ನಿಸುತ್ತದೆ.

2021ರ ಆಗಸ್ಟ್‌ನಲ್ಲಿ ಬ್ರಿಕ್ಸ್‌ನ ಐದು ದೇಶಗಳು (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ) ತಮ್ಮಲ್ಲಿರುವ ಉಪಗ್ರಹಗಳ ಡೇಟಾ ಹಂಚಿಕೊಳ್ಳಲು ಸಹಿ ಹಾಕಿದವು. ಹೈದರಾಬಾದ್ ಹತ್ತಿರದ ಶಾದ್‌ನಗರ, ಬ್ರೆಜಿಲ್‌ನ ಕುಯಾಬಾ, ದಕ್ಷಿಣ ಆಫ್ರಿಕಾದ ಹಾರ್ಟೆಬೀಸ್ತೂಕ್ ಕೇಂದ್ರಗಳು ಇದರಲ್ಲಿ ಸೇರಿವೆ. ಗಾಲ್ವಾನ್ ಕಣಿವೆಯ ಘರ್ಷಣೆ ಆಗಿ ಒಂದು ವರ್ಷವಷ್ಟೇ ಕಳೆದಿತ್ತು. ಆದರೂ ಭಾರತ, ಚೀನಾ ಎರಡೂ ಸಹಿ ಹಾಕಿದವು.

ಚಂಡಮಾರುತದ ಎಚ್ಚರಿಕೆ ಶತ್ರು ದೇಶಕ್ಕೂ ಕೊಡ್ತಾರಾ?

ಕೊಡುತ್ತಾರೆ, ನಿಲ್ಲಿಸದೆ ಕೊಡುತ್ತಾರೆ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಚಂಡಮಾರುತಗಳ ಪ್ರಾದೇಶಿಕ ಕೇಂದ್ರ ದೆಹಲಿಯ ಹವಾಮಾನ ಇಲಾಖೆಯಲ್ಲಿದೆ. ಒಟ್ಟು 13 ದೇಶಗಳು ಅದರ ಸೂಚನೆ ಪಡೆಯುತ್ತವೆ. ಪಾಕಿಸ್ತಾನ, ಇರಾನ್, ಸೌದಿ ಅರೇಬಿಯಾ, ಯೆಮೆನ್, ಮ್ಯಾನ್ಮಾರ್ ಎಲ್ಲ ಇವೆ. ಈ 13 ದೇಶಗಳೂ ತಲಾ 13 ಹೆಸರು ಕೊಟ್ಟು, 2020ರಲ್ಲಿ 169 ಹೆಸರುಗಳ ಪಟ್ಟಿ ಬಂತು. 2023ರ ಜೂನ್‌ನ ಬಿಪರ್‌ಜಾಯ್ ನೆನಪಿದೆಯಾ? ಹೆಸರು ಕೊಟ್ಟದ್ದು ಬಾಂಗ್ಲಾದೇಶ. ಹೊಡೆದದ್ದು ಗುಜರಾತಿನ ಜಖೌ ಬಳಿ. ಎದುರಿಗೇ ಸಿಂಧ್‌ನ ಕರಾವಳಿ. ಗಡಿಯ ಎರಡೂ ಕಡೆ ಜನರನ್ನು ಮುಂಚೆಯೇ ದಡದಿಂದ ದೂರ ಸಾಗಿಸಿದರು.

ಜಪಾನಿನ ಹಿಮಾವರಿ ಹವಾಮಾನ ಉಪಗ್ರಹ ಇನ್ನೂ ಒಂದು ಹೆಜ್ಜೆ ಮುಂದೆ. 2018ರಿಂದ ಆ ಭಾಗದ ಹವಾಮಾನ ಇಲಾಖೆಗಳು ತಮಗೆ ಬೇಕಾದ ಜಾಗ ಹೇಳಿ ಕೇಳಬಹುದು. ಸುಮಾರು ಸಾವಿರ ಕಿಲೋಮೀಟರ್ ಅಗಲದ ಆ ಚೌಕವನ್ನು ಉಪಗ್ರಹ ಎರಡೂವರೆ ನಿಮಿಷಕ್ಕೊಮ್ಮೆ ನೋಡುತ್ತದೆ. ಬೇರೆಯವರ ಕ್ಯಾಮೆರಾವನ್ನು ನಮ್ಮ ಕಷ್ಟದ ಕಡೆಗೆ ತಿರುಗಿಸುವ ಅವಕಾಶ ಅದು. ಆ ಜಪಾನ್ ಕೂಡ ಒಮ್ಮೆ ಸಾಲ ಪಡೆದಿತ್ತು. ಬದಲಿ ಉಪಗ್ರಹ ಹಾರುವಾಗಲೇ ಹಾಳಾಗಿ, ಹಳೆಯದು ಮುಪ್ಪಾದಾಗ, 2003ರಲ್ಲಿ ಅಮೆರಿಕ ತನ್ನ ಗೋಸ್-9 ಹವಾಮಾನ ಉಪಗ್ರಹವನ್ನು ಪೆಸಿಫಿಕ್‌ನ ಆ ಬದಿಗೆ ಸರಿಸಿ ಕೊಟ್ಟಿತು.

## ತೊಡಕಿನ ಪ್ರಶ್ನೆಗಳು

ನದಿಯ ಮೇಲ್ಭಾಗದ ದೇಶ ನೀರಿನ ಲೆಕ್ಕ ಕೊಡದಿದ್ರೆ, ಉಪಗ್ರಹದಿಂದಲೇ ತಿಳ್ಕೋಬಹುದಾ?

ಪೂರ್ತಿಯಲ್ಲ, ಆದರೆ ಮೊದಲಿಗಿಂತ ತುಂಬಾ ಜಾಸ್ತಿ. ಈ ಇಡೀ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲೇ.

ಬ್ರಹ್ಮಪುತ್ರದ ಮೇಲ್ಭಾಗದ ನೀರಿನ ಮಟ್ಟವನ್ನು ಮಳೆಗಾಲದಲ್ಲಿ ಕೊಡಲು ಚೀನಾ 2002ರಿಂದ ಒಪ್ಪಿತ್ತು. ಟಿಬೆಟ್‌ನ ಮೂರು ಅಳತೆ ಕೇಂದ್ರಗಳ ಅಂಕಿಗಳು ಬರುತ್ತಿದ್ದವು. 2017ರಲ್ಲಿ, ಭೂತಾನ್ ಗಡಿಯ ಡೋಕ್ಲಾಮ್‌ನಲ್ಲಿ ಭಾರತ, ಚೀನಾ ಸೇನೆಗಳು ಎದುರುಬದುರು ನಿಂತ ವರ್ಷ, ಅಂಕಿಗಳು ಬರಲಿಲ್ಲ. ಕೇಂದ್ರಗಳ ದುರಸ್ತಿ ನಡೆಯುತ್ತಿದೆ ಅಂತ ಚೀನಾ ಹೇಳಿತು. 2018ರಲ್ಲಿ ಮತ್ತೆ ಶುರುವಾಯಿತು. ಒಪ್ಪಂದದ ಅವಧಿ 2023ರ ಜೂನ್‌ಗೆ ಮುಗಿಯಿತು. ನೆಲದ ಮೇಲಿನ ಡೇಟಾ ಎಷ್ಟು ಸುಲಭವಾಗಿ ನಿಲ್ಲುತ್ತದೆ ನೋಡಿ.

ಈಗ ಬಾಂಗ್ಲಾದೇಶವನ್ನು ನೋಡಿ. ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳ ಜಲಾನಯನದ ಶೇ. 90ಕ್ಕೂ ಹೆಚ್ಚು ಭಾಗ ಅದರ ಗಡಿಯ ಹೊರಗಿದೆ. ನೀರು ಗಡಿ ದಾಟಿದ ಮೇಲಷ್ಟೇ ಗೊತ್ತಾದರೆ ಸಿಗುವ ಸಮಯ ಕೆಲವೇ ದಿನ. ಜೇಸನ್-2 ಅನ್ನುವ ಉಪಗ್ರಹ ಸಮುದ್ರದ ಎತ್ತರ ಅಳೆಯಲು ಹಾರಿಸಿದ್ದು. ಕೆಳಗೆ ರೇಡಾರ್ ಮಿಡಿತ ಕಳಿಸುತ್ತಿತ್ತು. ಅದು ನೀರಿಗೆ ಬಡಿದು ವಾಪಸ್ ಬರಲು ತೆಗೆದುಕೊಂಡ ಸಮಯದಿಂದ ಎತ್ತರ ಸಿಗುತ್ತಿತ್ತು. ಅದರ ದಾರಿ ಗಂಗಾ, ಬ್ರಹ್ಮಪುತ್ರಗಳನ್ನೂ ಭಾರತದ ಒಳಗೇ ಅಡ್ಡ ಹಾಯುತ್ತಿತ್ತು. ಆ ಜಾಗಗಳ ನೀರಿನ ಮಟ್ಟ ಹಿಡಿದು ಬಾಂಗ್ಲಾದೇಶದ ಪ್ರವಾಹ ಕೇಂದ್ರ 8 ದಿನ ಮುಂಚಿನ ಅಂದಾಜು ಮಾಡಲು ಕಲಿಯಿತು. ಎಂಟು ದಿನ ಅಂದರೆ ಬಲಿತ ಭತ್ತ ಕೊಯ್ದು, ದನಕರು ಎತ್ತರಕ್ಕೆ ಹೊಡೆದುಕೊಂಡು ಹೋಗಲು ಬೇಕಾದ ಸಮಯ. ಮೇಲಿನ ದೇಶದ ಮುಂದೆ ಕೈಚಾಚದೆ ಸಿಕ್ಕ ಸಮಯ.

ಚೀನಾದಿಂದ ಆಗ್ನೇಯ ಏಷ್ಯಾಕ್ಕೆ ಹರಿಯುವ ಮೆಕಾಂಗ್ ನದಿಯಲ್ಲಿ ಇದು ಇನ್ನೂ ನೇರವಾಗಿ ನಡೆಯಿತು. 2019ರಲ್ಲಿ ಕೆಳಗಿನ ದೇಶಗಳು ಬರದಿಂದ ಬಳಲಿದವು. ಚೀನಾದ ಅಣೆಕಟ್ಟುಗಳು ನೀರು ಹಿಡಿದಿಟ್ಟಿದ್ದವು ಅಂತ 2020ರ ಏಪ್ರಿಲ್‌ನಲ್ಲಿ ಉಪಗ್ರಹ ಡೇಟಾ ಆಧರಿಸಿದ ಅಧ್ಯಯನವೊಂದು ಹೇಳಿತು. ಅಮೆರಿಕ ಸರ್ಕಾರದ ಹಣದಿಂದ ನಡೆದ ಅಧ್ಯಯನ ಅದು. ಚೀನಾ ಒಪ್ಪಲಿಲ್ಲ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಕಾಂಗ್ ನದಿ ಆಯೋಗಕ್ಕೆ ವರ್ಷಪೂರ್ತಿ ನೀರಿನ ಅಂಕಿ ಕೊಡಲು ಒಪ್ಪಿತು. ಡಿಸೆಂಬರ್‌ನಲ್ಲಿ ಅಣೆಕಟ್ಟುಗಳ ನೀರನ್ನು ವಾರವಾರ ಉಪಗ್ರಹದಿಂದ ನೋಡಿ ಎಲ್ಲರ ಮುಂದಿಡುವ ವೇದಿಕೆಯೊಂದು ಶುರುವಾಯಿತು. ಎಲ್ಲರಿಗೂ ಕಾಣುವುದನ್ನು ಮುಚ್ಚಿಡುವುದರಲ್ಲಿ ಲಾಭವೇನೂ ಉಳಿದಿರಲಿಲ್ಲ. ಡೇಟಾ ಕೊಟ್ಟವರಿಗೂ ತಮ್ಮದೇ ಲೆಕ್ಕಾಚಾರ ಇತ್ತು, ನಿಜ. ಆದರೂ ಕೆಳಗಿನ ಹಳ್ಳಿಗಳಿಗೆ ಮೊದಲಿಲ್ಲದ ಅಂಕಿಗಳು ಸಿಕ್ಕವು.

ಕೊಡ್ತಿದ್ದವರು ಒಂದು ದಿನ ನಿಲ್ಲಿಸಿಬಿಟ್ರೆ?

ಈ ಭಯ ಸುಳ್ಳಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ತನ್ನ ಯೋಜನೆಯ ಮೂಲಕ ಉಕ್ರೇನ್‌ಗೆ ಸಿಗುತ್ತಿದ್ದ ಖಾಸಗಿ ಉಪಗ್ರಹ ಚಿತ್ರಗಳನ್ನು ತಡೆಹಿಡಿಯಿತು. ಯುದ್ಧದ ನಡುವೆ! ಕೆಲವೇ ದಿನಗಳಲ್ಲಿ ಮತ್ತೆ ತೆರೆಯಿತು. ಆದರೆ ಆ ಕೆಲವು ದಿನಗಳನ್ನು ಯುರೋಪಿನ ಯಾವ ರಾಜಧಾನಿಯೂ ಮರೆಯುವುದಿಲ್ಲ.

ದುರುದ್ದೇಶ ಇಲ್ಲದೆಯೂ ನಿಲ್ಲಬಹುದು. ಸೆಂಟಿನೆಲ್-1ಬಿ ರೇಡಾರ್ ಉಪಗ್ರಹ 2021ರ ಡಿಸೆಂಬರ್‌ನಲ್ಲಿ ಕೆಟ್ಟಿತು. ಅದರ ಜಾಗ ತುಂಬುವ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ಮೂರು ವರ್ಷ ಹಲವು ದೇಶಗಳಿಗೆ ಚಿತ್ರಗಳ ಅಂತರ ದೊಡ್ಡದಾಯಿತು. ನಾಸಾ ಮತ್ತು ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2005ರಲ್ಲಿ ಶುರು ಮಾಡಿದ ‘ಸರ್ವಿರ್’ ಕಾರ್ಯಕ್ರಮ ನೈರೋಬಿ, ಕಠ್ಮಂಡು ಕೇಂದ್ರಗಳ ಮೂಲಕ ಹತ್ತಾರು ದೇಶಗಳಿಗೆ ಡೇಟಾ ಬಳಸುವುದನ್ನು ಕಲಿಸಿತ್ತು. 2025ರಲ್ಲಿ ಯುಎಸ್‌ಏಡ್ ಸಂಸ್ಥೆಯೇ ಬಾಗಿಲು ಹಾಕಿತು.

ನಿಲ್ಲಿಸುವ ಶಕ್ತಿ ದೊಡ್ಡ ಅಸ್ತ್ರ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಮ್ಮೆ ನಿಲ್ಲಿಸಿದರೆ ಪಡೆಯುವವರು ಬೇರೆ ಬಾಗಿಲು ಹುಡುಕುತ್ತಾರೆ. ಮತ್ತೆ ತೆರೆದರೂ ಮೊದಲಿನ ನಂಬಿಕೆ ಬರುವುದಿಲ್ಲ. ಕಟ್ಟಲು ಇಪ್ಪತ್ತು ವರ್ಷ ಬೇಕಾದದ್ದು ಒಂದು ವಾರದಲ್ಲಿ ಹೋಗುತ್ತದೆ.

ಖಾಸಗಿ ಕಂಪನಿಗಳ ಹತ್ರ ದುಡ್ಡು ಕೊಟ್ಟು ತಗೊಂಡ್ರೆ ಈ ತಾಪತ್ರಯ ಇರಲ್ಲ ಅಲ್ವಾ?

ಇರುತ್ತದೆ. ಕಂಪನಿಗೂ ಒಂದು ದೇಶ, ಒಂದು ಪರವಾನಗಿ ಇರುತ್ತದೆ. 2001ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಯುದ್ಧ ಶುರುವಾದಾಗ, ಅಮೆರಿಕದ ಖಾಸಗಿ ಕಂಪನಿಯ ಇಕೊನೊಸ್ ಉಪಗ್ರಹ ತೆಗೆದ ಆ ಭಾಗದ ಚಿತ್ರಗಳ ಹಕ್ಕನ್ನೆಲ್ಲ ಅಮೆರಿಕದ ರಕ್ಷಣಾ ಸಂಸ್ಥೆಯೇ ಕೊಂಡುಕೊಂಡಿತು. ನಿಷೇಧ ಹೇರಲಿಲ್ಲ, ದುಡ್ಡು ಕೊಟ್ಟು ಬಾಗಿಲು ಮುಚ್ಚಿತು. ಇಸ್ರೇಲ್‌ನ ಸ್ಪಷ್ಟ ಚಿತ್ರಗಳನ್ನು ಅಮೆರಿಕದ ಕಂಪನಿಗಳು ಮಾರದಂತೆ 1996ರಿಂದ ಒಂದು ಕಾನೂನೇ ಇತ್ತು. 2020ರಲ್ಲಷ್ಟೇ ಅದು ಸಡಿಲವಾಯಿತು. ಕಂಪನಿಗಳಿಂದ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಒಂದೇ ದೇಶದ ಕಂಪನಿಗಳಿಂದ ಕೊಳ್ಳಬೇಡಿ.

ಸಮುದ್ರದಲ್ಲಿ ಕಳ್ಳ ಹಡಗು ಹಿಡಿಯೋಕೂ ಇದನ್ನ ಕೊಡ್ತಾರಂತೆ, ಹೌದಾ?

ಹೌದು. ದೊಡ್ಡ ಹಡಗುಗಳು ತಾವು ಎಲ್ಲಿದ್ದೇವೆ ಅಂತ ಸಂಕೇತ ಕಳಿಸುತ್ತಲೇ ಇರಬೇಕು. ಕದ್ದು ಮೀನು ಹಿಡಿಯುವವರು ಅದನ್ನು ಆರಿಸಿಬಿಡುತ್ತಾರೆ. ಆದರೆ ರೇಡಾರ್ ಉಪಗ್ರಹಕ್ಕೆ ಹಡಗಿನ ಕಬ್ಬಿಣ ಕಪ್ಪು ಸಮುದ್ರದ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಸಂಕೇತ ಇಲ್ಲದ ಚುಕ್ಕೆ ಇದ್ದರೆ ಅನುಮಾನಕ್ಕೆ ಜಾಗ. 2022ರ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ಕ್ವಾಡ್ ದೇಶಗಳು (ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತ) ಇಂಥ ಮಾಹಿತಿಯನ್ನು ಪೆಸಿಫಿಕ್ ದ್ವೀಪಗಳಿಗೆ, ಆಗ್ನೇಯ ಏಷ್ಯಾಕ್ಕೆ, ಹಿಂದೂ ಮಹಾಸಾಗರದ ದೇಶಗಳಿಗೆ ಕೊಡುವ ಯೋಜನೆ ಸಾರಿದವು. ಗುರುಗ್ರಾಮದಲ್ಲಿ 2018ರಿಂದ ಇರುವ ಭಾರತೀಯ ನೌಕಾಪಡೆಯ ಮಾಹಿತಿ ಕೇಂದ್ರ ಇದರಲ್ಲಿ ಒಂದು ಕೊಂಡಿ. ಕೆನಡಾ 2023ರಲ್ಲಿ ಫಿಲಿಪೈನ್ಸ್ ಜೊತೆ ಇಂಥದ್ದೇ ಒಪ್ಪಂದ ಮಾಡಿಕೊಂಡಿತು.

ಕೊಡುವವರ ಕಣ್ಣು ಚೀನಾದ ಹಡಗುಗಳ ಮೇಲೆ ಇದೆ ಅನ್ನುವುದು ಎಲ್ಲರಿಗೂ ಗೊತ್ತು. ಪುಟ್ಟ ದ್ವೀಪಗಳ ಚಿಂತೆ ಬೇರೆ, ತಮ್ಮ ಟ್ಯೂನಾ ಮೀನು ಉಳಿಯಬೇಕು. ಯಾರ ಹಡಗು ಅಂತ ನೋಡದೆ ಎಲ್ಲ ಕಳ್ಳರ ಮಾಹಿತಿಯನ್ನೂ ಕೊಟ್ಟರಷ್ಟೇ ಅವರು ನಂಬುತ್ತಾರೆ.

ಉಚಿತ ಡೇಟಾ ಇಷ್ಟೊಂದು ಇದ್ರೂ ಬಡ ದೇಶಗಳಲ್ಲಿ ಬಳಕೆ ಯಾಕೆ ಕಡಿಮೆ?

ಉಚಿತ ಅಂದ ಮಾತ್ರಕ್ಕೆ ಕೈಗೆ ಬಂತು ಅಂತಲ್ಲ. ಒಂದೊಂದು ದೃಶ್ಯ ನೂರಾರು ಮೆಗಾಬೈಟ್, ಕೆಲವು ಗಿಗಾಬೈಟ್ ದಾಟುತ್ತವೆ. ಇಂಟರ್‌ನೆಟ್ ನಿಧಾನ ಇದ್ದರೆ ಇಳಿಸಿಕೊಳ್ಳುವಷ್ಟರಲ್ಲಿ ನೆರೆಯೇ ಇಳಿದಿರುತ್ತದೆ. ಇದಕ್ಕೆ ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆ ಒಳ್ಳೆ ಉಪಾಯ ಮಾಡಿತು. ಡೇಟಾವನ್ನು ಟಿವಿ ಚಾನೆಲ್ ಹಾಗೆ ಸಂಪರ್ಕ ಉಪಗ್ರಹದ ಮೂಲಕ ಬಿತ್ತರಿಸಿತು. ಒಂದು ಡಿಶ್, ಒಂದು ಕಂಪ್ಯೂಟರ್ ಇದ್ದರೆ ಸಾಕು, ಇಂಟರ್‌ನೆಟ್ ಬೇಡ. 2005ರ ಹೊತ್ತಿಗೆ ಆಫ್ರಿಕಾದ ಹವಾಮಾನ ಇಲಾಖೆಗಳಿಗೆಲ್ಲ ಇಂಥ ಗ್ರಾಹಕ ಕೇಂದ್ರಗಳನ್ನು ಕೊಟ್ಟು ತರಬೇತಿ ನೀಡಿತು.

ಎರಡನೆಯ ಅಡ್ಡಿ ಜನ. ಕಲಿತವರು ಹೆಚ್ಚು ಸಂಬಳದ ಕೆಲಸ ಸಿಕ್ಕ ತಕ್ಷಣ ಹೋಗುತ್ತಾರೆ. ಮೂರನೆಯದು ಇನ್ನೂ ನೋವಿನದು. ನಕ್ಷೆ ರಾಜಧಾನಿಗೆ ಬರುತ್ತದೆ, ಅಲ್ಲೇ ಕೂರುತ್ತದೆ. ದೋಣಿ ಕಳಿಸಬೇಕಾದ ಜಿಲ್ಲೆಯ ಅಧಿಕಾರಿಗೆ ತಲುಪುವುದಿಲ್ಲ. ಡೇಟಾ ಕೊಟ್ಟ ದೇಶ ‘ಕೊಟ್ಟೆವು’ ಅಂತ ಪತ್ರಿಕಾ ಹೇಳಿಕೆ ಬಿಡುವ ಮುಂಚೆ ಈ ಕೊನೆಯ ಮೈಲಿಯನ್ನೂ ಒಮ್ಮೆ ನೋಡಬೇಕು.

ಡೇಟಾ ಪಡೆಯೋ ಸಣ್ಣ ದೇಶ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಏನೇನು ಕೇಳಬೇಕು?

ಮೊದಲು, ಬರುವುದು ಮೂಲ ಡೇಟಾನಾ, ಇಲ್ಲ ತಯಾರಾದ ನಕ್ಷೆ ಮಾತ್ರವಾ ಅಂತ ಕೇಳಬೇಕು. ನಕ್ಷೆ ಮಾತ್ರ ಬಂದರೆ ಬೇರೆಯವರು ಕಂಡದ್ದನ್ನೇ ನಾವೂ ಕಾಣಬೇಕಾಗುತ್ತದೆ. ಚಿತ್ರ ತೆಗೆದು ಎಷ್ಟು ಗಂಟೆಯೊಳಗೆ ಕೈಗೆ ಸಿಗುತ್ತದೆ ಅನ್ನುವುದು ಅಷ್ಟೇ ಮುಖ್ಯ. ನೆರೆಯ ಚಿತ್ರ ಮೂರು ದಿನ ತಡವಾದರೆ ಅದು ಚರಿತ್ರೆ. ಒಪ್ಪಂದ ಮುಗಿದ ಮೇಲೆ ಹಳೆಯ ಭಂಡಾರ ನಮ್ಮಲ್ಲೇ ಉಳಿಯುತ್ತದಾ? ನಮ್ಮ ನೆಲದಲ್ಲಿ ಕಟ್ಟುವ ಭೂಕೇಂದ್ರದ ಬೀಗದ ಕೈ ಯಾರ ಹತ್ತಿರ, ಅಲ್ಲಿಂದ ಇನ್ನೇನೇನು ಇಳಿಸಿಕೊಳ್ಳುತ್ತಾರೆ? ಪಡೆದದ್ದನ್ನು ನಮ್ಮ ಇನ್ನೊಬ್ಬ ನೆರೆಯವರಿಗೆ ತೋರಿಸಬಹುದಾ? ಈ ಕೊನೆಯ ಪ್ರಶ್ನೆಗೆ ಉತ್ತರ ಗೊಣಗಾಟವಾದರೆ, ಕೊಡುವವರಿಗೆ ನಿಜವಾಗಿ ಬೇಕಿರುವುದೇನು ಅಂತ ಅಲ್ಲೇ ತಿಳಿಯುತ್ತದೆ.

ಭಾರತ ಸಾಕಷ್ಟು ಹಂಚಿಕೊಳ್ತಿದೆ ಅಂತ ನಿಮಗನ್ಸುತ್ತಾ?

ಮೊದಲಿಗಿಂತ ಹೆಚ್ಚು, ಇರುವ ಶಕ್ತಿಗೆ ಹೋಲಿಸಿದರೆ ಕಡಿಮೆ. ಬಹಳ ಕಾಲ ನಮ್ಮ ನಿಯಮಗಳಲ್ಲಿ ಹಿಂಜರಿಕೆ ಜಾಸ್ತಿ ಇತ್ತು. 2023ರ ಬಾಹ್ಯಾಕಾಶ ನೀತಿ ಒಂದು ಗೆರೆ ಎಳೆಯಿತು. ಸರ್ಕಾರಿ ಉಪಗ್ರಹಗಳ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಡೇಟಾ, ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 5 ಮೀಟರ್ ಅಥವಾ ಹೆಚ್ಚು ಅಗಲ ಇರುವಂಥದ್ದು, ಎಲ್ಲರಿಗೂ ಉಚಿತ. ‘ಭೂನಿಧಿ’ ತಾಣದಲ್ಲಿ ಅದು ಸಿಗುತ್ತದೆ. ಡೆಹ್ರಾಡೂನಿನಲ್ಲಿ ವಿಶ್ವಸಂಸ್ಥೆಯ ನಂಟಿನ ತರಬೇತಿ ಕೇಂದ್ರ 1995ರಿಂದ ಏಷ್ಯಾ-ಪೆಸಿಫಿಕ್ ದೇಶಗಳವರಿಗೆ ಕಲಿಸುತ್ತಿದೆ. ಪ್ರಚಾರ ಕಡಿಮೆ, ಆದರೆ ಭಾರತ ಈ ದಾರಿಯಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಅಂತ ನನ್ನ ಅನಿಸಿಕೆ. ಅಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಹದಿನೈದು ವರ್ಷದ ಮೇಲೆ ತಮ್ಮ ತಮ್ಮ ದೇಶದ ಇಲಾಖೆಗಳನ್ನು ನಡೆಸುತ್ತಿರುತ್ತಾರೆ.

ಕೊರತೆ ಇರುವುದು ವೇಗದಲ್ಲಿ, ಮತ್ತು ಕೇಳಿಸಿಕೊಳ್ಳುವುದರಲ್ಲಿ. ಮಾಲ್ಡೀವ್ಸ್‌ಗೆ ಹವಳದ ದಿಬ್ಬಗಳ ಚಿಂತೆ, ನೇಪಾಳಕ್ಕೆ ಒಡೆಯುವ ಹಿಮಸರೋವರಗಳ ಚಿಂತೆ. ಇಬ್ಬರಿಗೂ ಒಂದೇ ಪೊಟ್ಟಣ ಕೊಟ್ಟರೆ ಇಬ್ಬರಿಗೂ ಅರ್ಧ ಉಪಯೋಗ.

ಒಂದು ಒಳ್ಳೆ ಅವಕಾಶ ಈಗ ತಲೆಯ ಮೇಲೇ ತಿರುಗುತ್ತಿದೆ. ನಾಸಾ ಮತ್ತು ಇಸ್ರೊ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿತು. ಎರಡು ತರಂಗಾಂತರಗಳ ರೇಡಾರ್, 12 ದಿನಕ್ಕೊಮ್ಮೆ ಅದೇ ದಾರಿ, ಡೇಟಾ ಎಲ್ಲರಿಗೂ ಉಚಿತ. ಹಿಮನದಿ ಎಷ್ಟು ಸರಿಯಿತು, ಗುಡ್ಡ ಎಷ್ಟು ಜಾರಿತು, ಬಾಂಗ್ಲಾದ ಮುಖಜ ಭೂಮಿ ಎಷ್ಟು ಕುಸಿಯಿತು ಅನ್ನುವುದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅದು ಹೇಳಬಲ್ಲದು. ಕಠ್ಮಂಡುವಿನಲ್ಲಿ, ಥಿಂಪುವಿನಲ್ಲಿ, ಢಾಕಾದಲ್ಲಿ ಆ ಡೇಟಾ ಓದಬಲ್ಲ ಹತ್ತು ಹತ್ತು ಜನರನ್ನು ತಯಾರು ಮಾಡಲು ಇನ್ನೊಂದು ಉಪಗ್ರಹದ ಖರ್ಚೇನೂ ಬೇಕಿಲ್ಲ. ಡೆಹ್ರಾಡೂನಿನ ತರಗತಿಯಲ್ಲಿ ಕುರ್ಚಿಗಳನ್ನು ಹೆಚ್ಚಿಸಿದರೆ ಆಯಿತು.